ಶುಕ್ರವಾರ ಐದೂಕಾಲಿಗೆ ಸಿನಿಮಾ, ಏಳೂಕಾಲಿಗೆ ಚಹಾ

"ಎಲ್ಲಾ ಫೋನಲ್ಲೇ ಸಿಗುತ್ತಲ್ಲ ಗುರೂ, ಮತ್ಯಾಕೆ ಮೂವತ್ತು ಜನ ಸೆಮಿನಾರ್ ಹಾಲಲ್ಲಿ ಕೂತ್ಕೊಂಡು ನೋಡ್ತೀರಾ?"

ಸಿನಿಮಾ ಕೂಟದ ಪೋಸ್ಟರ್ ಅಂಟಿಸೋಕೆ ಹೋದಾಗೆಲ್ಲ ನಮಗೆ ಈ ಪ್ರಶ್ನೆ ಎದುರಾಗುತ್ತೆ. ಕೇಳೋರ ತಪ್ಪೇನಿಲ್ಲ. ಹಾಸ್ಟೆಲ್ ಕಾರಿಡಾರಿನಲ್ಲಿ ರಾತ್ರಿ ಹನ್ನೊಂದಕ್ಕೆ ನಡೆದುಕೊಂಡು ಹೋದರೆ ಪ್ರತಿ ಬಾಗಿಲ ಸಂದಿಯಿಂದಲೂ ನೀಲಿ ಬೆಳಕು ಕಾಣುತ್ತೆ. ಒಂದು ರೂಮಿನಲ್ಲಿ ಮೂವರಿದ್ದರೆ ಮೂರು ಸಿನಿಮಾ, ಮೂರು ಜೊತೆ ಇಯರ್‌ಫೋನ್. ಸಿನಿಮಾ ನೋಡುವವರ ಕೊರತೆಯಂತೂ ನಮ್ಮ ಕ್ಯಾಂಪಸ್ಸಿನಲ್ಲಿ ಇಲ್ಲ.

ಹಾಗಾದ್ರೆ ಕೂಟ ಯಾಕೆ, ಅದು ನಡೆಯೋದು ಹೇಗೆ, ಇದರ ಇತಿಹಾಸ ಏನು ಅನ್ನೋದನ್ನ ಒಮ್ಮೆ ಕೂತು ಬರೆದಿಡೋಣ ಅಂತ ಈ ಲೇಖನ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಕೂಟವನ್ನು ಈಗ ನಡೆಸ್ತಿರೋ ನಾವು ನಾಲ್ವರೂ ಎಂಟನೇ ಸೆಮಿಸ್ಟರಿನವರು. ಪ್ರಾಜೆಕ್ಟ್ ವೈವಾ ಮುಗಿದ ಮೇಲೆ ಇಲ್ಲಿರೋದಿಲ್ಲ. ಹಾಲಿನ ಬೀಗದಕೈ ಯಾರ ಕೈಗೆ ಹೋಗುತ್ತೆ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ.

ಇದು ಶುರುವಾದದ್ದು ಎಲ್ಲಿ?

ಸಿನಿಮಾ ಕೂಟ, ಫಿಲ್ಮ್ ಸೊಸೈಟಿ, ಚಿತ್ರಸಮಾಜ, ಹೆಸರು ಏನೇ ಇರಲಿ, ಕೆಲಸ ಒಂದೇ: ಮಾಮೂಲಿ ಚಿತ್ರಮಂದಿರದಲ್ಲಿ ಸಿಗದ ಸಿನಿಮಾಗಳನ್ನು ಸದಸ್ಯರು ಸೇರಿ ತರಿಸಿ, ಒಟ್ಟಿಗೆ ನೋಡಿ, ಅದರ ಬಗ್ಗೆ ಮಾತಾಡೋದು. ಲಂಡನ್ನಿನ ಫಿಲ್ಮ್ ಸೊಸೈಟಿ 1925ರಲ್ಲಿ ಶುರುವಾಯಿತು. ನಾಟಕಕಾರ ಬರ್ನಾರ್ಡ್ ಶಾ, ಕಾದಂಬರಿಕಾರ ಎಚ್. ಜಿ. ವೆಲ್ಸ್ ಅಂಥವರೂ ಅದರ ಜೊತೆಗಿದ್ದರು. ಪ್ರದರ್ಶನ ಭಾನುವಾರ ಮಧ್ಯಾಹ್ನ. ರಷ್ಯಾದ ಐಸೆನ್‌ಸ್ಟೈನ್ 1925ರಲ್ಲಿ ಮಾಡಿದ 'ಬ್ಯಾಟಲ್‌ಶಿಪ್ ಪೊಟೆಮ್ಕಿನ್' ಚಿತ್ರಕ್ಕೆ ಬ್ರಿಟನ್ನಿನ ಸೆನ್ಸಾರ್ ಅನುಮತಿ ಕೊಟ್ಟಿರಲಿಲ್ಲ. ಸಾರ್ವಜನಿಕರಿಗೆ ಅದನ್ನು ತೋರಿಸಲು ಒಪ್ಪಿಗೆ ಸಿಕ್ಕಿದ್ದು 1954ರಲ್ಲಿ. ಸೊಸೈಟಿಯ ಸದಸ್ಯರು ಮಾತ್ರ 1929ರಲ್ಲೇ ನೋಡಿದ್ದರು.

ನಮ್ಮ ದೇಶದ ಕತೆಗೆ ಬರೋಣ. 1947ರಲ್ಲಿ ಸತ್ಯಜಿತ್ ರೇ, ಚಿದಾನಂದ ದಾಸಗುಪ್ತ ಮತ್ತು ಗೆಳೆಯರು ಕಲ್ಕತ್ತಾ ಫಿಲ್ಮ್ ಸೊಸೈಟಿ ಕಟ್ಟಿದರು. ಆಗ ರೇ ಇನ್ನೂ ನಿರ್ದೇಶಕರಾಗಿರಲಿಲ್ಲ, ಜಾಹೀರಾತು ಕಂಪನಿಯಲ್ಲಿ ಚಿತ್ರ ಬಿಡಿಸುವ ಕೆಲಸದಲ್ಲಿದ್ದರು. 1950ರಲ್ಲಿ ಕಂಪನಿ ಕೆಲಸದ ಮೇಲೆ ಲಂಡನ್ನಿಗೆ ಹೋದಾಗ ಡಿ ಸಿಕಾನ 'ಬೈಸಿಕಲ್ ಥೀವ್ಸ್' ನೋಡಿದರು. ಸ್ಟುಡಿಯೊ ಬಿಟ್ಟು ಬೀದಿಯಲ್ಲಿ, ವೃತ್ತಿನಟರಲ್ಲದವರನ್ನು ಇಟ್ಟುಕೊಂಡು ತೆಗೆದ ಆ ಚಿತ್ರ ಅವರಿಗೆ ದಾರಿ ತೋರಿಸಿತು. 'ಪಥೇರ್ ಪಾಂಚಾಲಿ' ಬಂದದ್ದು 1955ರಲ್ಲಿ. 1959ರಲ್ಲಿ ದೇಶದ ಫಿಲ್ಮ್ ಸೊಸೈಟಿಗಳೆಲ್ಲ ಸೇರಿ ಒಂದು ಒಕ್ಕೂಟ ಮಾಡಿಕೊಂಡವು. ಅದರ ಮೊದಲ ಅಧ್ಯಕ್ಷರೂ ರೇ ಅವರೇ.

ಕರ್ನಾಟಕದಲ್ಲಿ 1970ರ 'ಸಂಸ್ಕಾರ'ದ ನಂತರ ಹೊಸ ಅಲೆಯ ಚಿತ್ರಗಳು ಬರತೊಡಗಿದವು. ಅದೇ ಹೊತ್ತಿಗೆ, 1971ರಲ್ಲಿ, ಬೆಂಗಳೂರಿನಲ್ಲಿ ಸುಚಿತ್ರಾ ಫಿಲ್ಮ್ ಸೊಸೈಟಿ ಹುಟ್ಟಿತು. ಮುಂದೆ ಬನಶಂಕರಿ ಎರಡನೇ ಹಂತದಲ್ಲಿ ತನ್ನದೇ ಸಭಾಂಗಣ ಕಟ್ಟಿಕೊಂಡಿತು. ನಮಗೆ ಇದಕ್ಕಿಂತ ಹೆಚ್ಚು ಆಶ್ಚರ್ಯ ಹುಟ್ಟಿಸಿದ್ದು ಹೆಗ್ಗೋಡು. ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ ಕೆ. ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲಿ ಚಿತ್ರಸಮಾಜ ಆರಂಭಿಸಿತು. ಅಡಿಕೆ ತೋಟದಲ್ಲಿ ಕೆಲಸ ಮುಗಿಸಿ ಬಂದವರು ಕುರೊಸಾವ, ಡಿ ಸಿಕಾ, ರೇ ಚಿತ್ರಗಳನ್ನು ನೋಡಿದರು. "ಇಂಥ ಸಿನಿಮಾ ನಮ್ಮ ಜನಕ್ಕೆ ಅರ್ಥ ಆಗಲ್ಲ" ಅಂತ ಯಾರಾದ್ರೂ ಅಂದಾಗ ನಾವು ಹೆಗ್ಗೋಡಿನ ಹೆಸರು ಹೇಳಿ ಸುಮ್ಮನಾಗ್ತೀವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಒಂದು ಚಿಕ್ಕ ಲೆಕ್ಕ

ಎಂಜಿನಿಯರಿಂಗ್ ಪತ್ರಿಕೆ ಅಂದ ಮೇಲೆ ಒಂದು ಲೆಕ್ಕವಾದರೂ ಇರಬೇಕಲ್ಲ! ಫಿಲ್ಮ್ ಸೊಸೈಟಿಗಳು ಹೆಚ್ಚಾಗಿ ಬಳಸುತ್ತಿದ್ದದ್ದು 16 ಮಿಲಿಮೀಟರ್ ಫಿಲ್ಮ್. ಸೆಕೆಂಡಿಗೆ 24 ಫ್ರೇಮ್, ಅಂದರೆ ನಿಮಿಷಕ್ಕೆ 1,440. ಈ ಫಿಲ್ಮಿನ ಒಂದು ಅಡಿಯಲ್ಲಿ 40 ಫ್ರೇಮ್ ಇರುತ್ತವೆ. ಹಾಗಾಗಿ ನಿಮಿಷಕ್ಕೆ 36 ಅಡಿ ಓಡುತ್ತೆ. 1,600 ಅಡಿಯ ದೊಡ್ಡ ರೀಲು ಹಾಕಿದರೆ ಸುಮಾರು 44 ನಿಮಿಷ ಬರುತ್ತೆ. ಎರಡು ಗಂಟೆಯ ಚಿತ್ರಕ್ಕೆ 4,320 ಅಡಿ, ಕಡಿಮೆ ಅಂದ್ರೂ ಮೂರು ರೀಲು.

ಎರಡು ಪ್ರೊಜೆಕ್ಟರ್ ಇದ್ದರೆ ಒಂದು ಮುಗಿಯುತ್ತಿದ್ದಂತೆ ಇನ್ನೊಂದನ್ನು ಶುರು ಮಾಡಬಹುದು. ಒಂದೇ ಇದ್ದರೆ ಮುಕ್ಕಾಲು ಗಂಟೆಗೊಮ್ಮೆ ಲೈಟ್ ಹಾಕಿ ರೀಲು ಬದಲಿಸಬೇಕು. ಆ ನಾಲ್ಕೈದು ನಿಮಿಷ ಜನ ಏನು ಮಾಡ್ತಾರೆ? ಪಕ್ಕದವರ ಕಡೆ ತಿರುಗಿ ಮಾತಾಡ್ತಾರೆ. ನಮ್ಮ ಡಿಜಿಟಲ್ ಪ್ರೊಜೆಕ್ಟರಿಗೆ ರೀಲು ಇಲ್ಲ, ನಿಲ್ಲಿಸೋ ಅಗತ್ಯವೂ ಇಲ್ಲ. ಆದ್ದರಿಂದ ಆ ಮಾತಿನ ಸಮಯವನ್ನು ನಾವೇ ಬೇರೆ ಮಾಡಿ ಇಟ್ಟುಕೊಳ್ಳಬೇಕಾಯ್ತು. ಇದನ್ನು ಕಲಿಯೋಕೆ ನಮಗೆ ಒಂದು ವರ್ಷ ಹಿಡೀತು.

ನಾವು ಮಾಡಿದ ಎರಡು ತಪ್ಪು

ನಾವು ಎರಡನೇ ವರ್ಷದಲ್ಲಿದ್ದಾಗ ಕೂಟ ನಮ್ಮ ಕೈಗೆ ಬಂತು. ಮೊದಲ ಶುಕ್ರವಾರ ನಲವತ್ತೆರಡು ಜನ ಬಂದಿದ್ದರು, ಕುರ್ಚಿ ಸಾಲದೆ ಮೆಟ್ಟಿಲ ಮೇಲೆ ಕೂತಿದ್ದರು. ಏಳನೇ ಶುಕ್ರವಾರ ಆರು ಜನ. ಅದರಲ್ಲಿ ನಾಲ್ವರು ನಾವೇ.

ಮೊದಲನೇ ತಪ್ಪು ನಮ್ಮ ಭಾಷಣ. ಸಿನಿಮಾಗೆ ಮುಂಚೆ ಇಪ್ಪತ್ತೈದು ನಿಮಿಷ ಮಾತಾಡ್ತಿದ್ವಿ. ಯೂಟ್ಯೂಬಿನಿಂದ ಎತ್ತಿಕೊಂಡ ಫ್ರೆಂಚ್ ಪದಗಳೆಲ್ಲ ಅದರಲ್ಲಿರುತ್ತಿದ್ದವು. ಸಿನಿಮಾ ಮುಗಿದ ಮೇಲೂ ನಮ್ಮದೇ ಮಾತು, ಅದೂ ಮುಕ್ಕಾಲುಪಾಲು ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ಬಂದ ಹುಡುಗನೊಬ್ಬ ಮೆಸ್ಸಿನಲ್ಲಿ ಸಿಕ್ಕಿ, "ಅಣ್ಣಾ, ಕ್ಲಾಸಲ್ಲಿ ಐದು ದಿನ ಬಾಯಿ ಮುಚ್ಕೊಂಡ್ ಕೂತಿರ್ತೀವಿ, ಶುಕ್ರವಾರ ಸಂಜೇನೂ ಹಾಗೇ ಕೂರಬೇಕಾ?" ಅಂತ ಕೇಳಿದ. ಕನ್ನಡ ಸಂಘದ ಕೂಟ ನಡೆಸ್ತಾ ಇದ್ದ ನಮಗೆ ತಲೆ ಎತ್ತೋಕೆ ಆಗಲಿಲ್ಲ.

ಎರಡನೇ ತಪ್ಪು ಸಮಯ. ಪ್ರದರ್ಶನ ರಾತ್ರಿ ಎಂಟಕ್ಕಿತ್ತು. ಕತ್ತಲಾಗಿರುತ್ತೆ, ಪರದೆ ಚೆನ್ನಾಗಿ ಕಾಣುತ್ತೆ ಅಂತ ನಮ್ಮ ಲೆಕ್ಕ. ಹುಡುಗಿಯರ ಹಾಸ್ಟೆಲ್ಲಿನ ಗೇಟು ಎಂಟೂವರೆಗೆ ಮುಚ್ಚುತ್ತೆ ಅನ್ನೋದು ನಮ್ಮಲ್ಲಿ ಮೂವರಿಗೆ ಗೊತ್ತಿತ್ತು, ಆದರೆ ಲೆಕ್ಕಕ್ಕೇ ಬಂದಿರಲಿಲ್ಲ. ನಾಲ್ಕನೆಯವಳು ದಿನಾ ಮನೆಯಿಂದ ಓಡಾಡುವವಳು. "ಹುಡುಗಿಯರಿಗೆ ಸಿನಿಮಾದಲ್ಲಿ ಆಸಕ್ತಿ ಇಲ್ಲ" ಅಂತ ಒಬ್ಬ ಮೀಟಿಂಗಿನಲ್ಲಿ ಹೇಳಿದ್ದೂ ಆಗಿತ್ತು. ಸಿವಿಲ್ ವಿಭಾಗದ ಹುಡುಗಿಯೊಬ್ಬಳು ಪೋಸ್ಟರಿನ ಕೆಳಗೆ ಪೆನ್ನಿನಲ್ಲಿ "ಗೇಟ್ 8:30" ಅಂತಷ್ಟೇ ಬರೆದು ಹೋಗಿದ್ದಳು. ಅವತ್ತು ಅರ್ಥ ಆಯ್ತು. ಈಗ ಕೂಟದ ಸಮಯ ಬರೆಯುವವಳು ಅವಳೇ.

ಈಗಿನ ವಾರ ಹೀಗಿರುತ್ತೆ

ಸೋಮವಾರ ಸಿನಿಮಾ ಆಯ್ಕೆ. ಯಾರು ಬೇಕಾದರೂ ಹೆಸರು ಸೂಚಿಸಬಹುದು, ಆದರೆ ಸೂಚಿಸಿದವರು ಆ ಶುಕ್ರವಾರ ಬರಲೇಬೇಕು. ಎರಡು ಗಂಟೆಯೊಳಗಿನ ಚಿತ್ರಕ್ಕೆ ಮೊದಲ ಆದ್ಯತೆ. 'ಬೈಸಿಕಲ್ ಥೀವ್ಸ್' 89 ನಿಮಿಷ, 'ರಾಶೊಮಾನ್' 88 ನಿಮಿಷ, ನಮ್ಮ ವೇಳಾಪಟ್ಟಿಗೆ ಹೇಳಿ ಮಾಡಿಸಿದ ಹಾಗಿವೆ. ಇಂಟರ್ನಲ್ಸ್ ಇರೋ ವಾರ ಕೂಟಕ್ಕೆ ರಜೆ. ಆದರೆ ಚಹಾಕ್ಕೆ ರಜೆ ಇಲ್ಲ, ಬಂದವರು ಬರ್ತಾರೆ.

ಬುಧವಾರ ಪೋಸ್ಟರ್. ಕನ್ನಡದಲ್ಲಿ, ಕೈಯಲ್ಲೇ ಬರೆದದ್ದು.

ಶುಕ್ರವಾರ ನಾಲ್ಕೂವರೆಗೆ ಹಾಲಿನ ಕೆಲಸ. ಸಂಜೆ ಬಿಸಿಲು ತಡೆಯೋಕೆ ಪಶ್ಚಿಮದ ಕಿಟಕಿಗಳಿಗೆ ಕಪ್ಪು ಡ್ರಾಯಿಂಗ್ ಶೀಟ್. ನಮ್ಮ ಹಾಲಿನ ಬರೀ ಗೋಡೆಗಳಲ್ಲಿ ಮಾತು ಪ್ರತಿಧ್ವನಿಸಿ ಸಂಭಾಷಣೆಯೇ ಕೇಳ್ತಿರಲಿಲ್ಲ. ಇಸಿ ವಿಭಾಗದ ಗೆಳೆಯರು ಬಂದು ಚಪ್ಪಾಳೆ ತಟ್ಟಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಗ್ರಾಫ್ ಎಲ್ಲ ತೆಗೆದು, ಕೊನೆಗೆ ಹೇಳಿದ್ದು: ಹಿಂದಿನ ಗೋಡೆಗೆ ಹಾಸ್ಟೆಲ್ಲಿನ ಹಳೇ ಕಂಬಳಿ ನೇತುಹಾಕಿ, ಸ್ಪೀಕರ್ ಪರದೆಯ ಪಕ್ಕಕ್ಕೆ ಇಡಿ. ಇಟ್ಟೆವು. ಈಗ ಪಿಸುಮಾತೂ ಕೇಳುತ್ತೆ.

ಐದೂಕಾಲಿಗೆ ಶುರು. ಪರಿಚಯ ಮೂರೇ ನಿಮಿಷ: ಯಾರು ತೆಗೆದದ್ದು, ಯಾವಾಗ, ಯಾವ ಪರಿಸ್ಥಿತಿಯಲ್ಲಿ. ಕತೆ ಹೇಳೋ ಹಾಗಿಲ್ಲ.

ಏಳೂಕಾಲಿಗೆ ಹಿಂದಿನ ಗೇಟಿನ ಚಹಾ ಅಂಗಡಿ. ಇಲ್ಲಿ ಮೂರು ನಿಯಮ ಇವೆ. ಒಂದು, ಮೊದಲ ಮಾತು ಹೊಸದಾಗಿ ಬಂದವರದ್ದು, ಸೀನಿಯರ್‌ಗಳದ್ದು ಕೊನೆಗೆ. ಎರಡು, "ಚೆನ್ನಾಗಿತ್ತು", "ಬೋರು" ಅನ್ನೋ ಪದಗಳಿಗೆ ಮೊದಲ ಹತ್ತು ನಿಮಿಷ ಪ್ರವೇಶವಿಲ್ಲ. ಏನು ಕಂಡಿತು, ಏನು ಕೇಳಿಸಿತು ಅಂತ ಮಾತ್ರ ಹೇಳಬೇಕು. ಮೂರು, ಯಾವ ಭಾಷೆಯಲ್ಲಾದರೂ ಮಾತಾಡಿ, ಪಕ್ಕದವರು ಕನ್ನಡಕ್ಕೆ ತಿರುಗಿಸ್ತಾರೆ. ಬಿಹಾರದ ಗೆಳೆಯನೊಬ್ಬ ಹೀಗೆ ಕೇಳ್ತಾ ಕೇಳ್ತಾ ಕನ್ನಡ ಕಲಿತ. ಈಗ ಅವನು ವಾದಕ್ಕಿಳಿದರೆ ಚಹಾ ಆರಿ ಹೋಗುತ್ತೆ.

ಎರಡನೇ ನಿಯಮ ಸಣ್ಣದು ಅನ್ನಿಸಬಹುದು, ಆದರೆ ಅದರಿಂದಲೇ ಮಾತು ಬದಲಾಯ್ತು. 'ರಾಶೊಮಾನ್' ನೋಡಿದ ದಿನ ಒಬ್ಬಳು, "ಕಾಡಲ್ಲಿ ಬಿಸಿಲು, ಗೇಟಿನ ಹತ್ರ ಮಳೆ. ಸುಳ್ಳು ಹೇಳೋದೆಲ್ಲ ಬಿಸಿಲಲ್ಲೇ" ಅಂದಳು. ಒಂದೇ ಘಟನೆಗೆ ನಾಲ್ಕು ಸಾಕ್ಷಿ, ನಾಲ್ಕು ಕತೆ ಇರುವ ಆ ಚಿತ್ರದ ಬಗ್ಗೆ ಅಲ್ಲಿಂದ ಅರ್ಧ ಗಂಟೆ ಜಗಳ. ಮುಂದಿನ ವಾರ ಅದಕ್ಕೆ ಜೋಡಿಯಾಗಿ 2014ರ 'ಉಳಿದವರು ಕಂಡಂತೆ' ಹಾಕಿದೆವು. ಎರಡೂವರೆ ಗಂಟೆಯ ಚಿತ್ರ ಆದ್ದರಿಂದ ಶನಿವಾರ ಮಧ್ಯಾಹ್ನಕ್ಕೆ. ಮೊದಲು ಜಪಾನಿನ ಚಿತ್ರ ನೋಡಿದ್ದವರು ಮಲ್ಪೆಯ ಕಡಲ ಕತೆಯಲ್ಲಿ ಯಾರ ಮಾತು ನಂಬಬೇಕು ಅಂತ ಮೊದಲ ದೃಶ್ಯದಿಂದಲೇ ಲೆಕ್ಕ ಹಾಕ್ತಿದ್ದರು.

ತಿಂಗಳ ಕೊನೆಯ ವಾರ ಹಾಲಿನ ಬದಲು ಪೇಟೆಗೆ ಹೋಗ್ತೀವಿ. ಭಾನುವಾರದ ಮ್ಯಾಟಿನಿ, ಏಕಪರದೆಯ ಹಳೆಯ ಚಿತ್ರಮಂದಿರ, ಆಗ ತಾನೇ ಬಂದ ಕನ್ನಡ ಚಿತ್ರ. ಒಂದು ಸಲ ಅಷ್ಟು ದೊಡ್ಡ ಹಾಲಿನಲ್ಲಿ ಒಟ್ಟು ಹತ್ತೊಂಬತ್ತು ಜನ, ಅದರಲ್ಲಿ ಹದಿನಾಲ್ಕು ನಾವೇ. ಟಿಕೆಟ್ ಹರಿಯುವ ಅಜ್ಜ "ಕಾಲೇಜಿನೋರಾ? ಮುಂದಿನ ವಾರಾನೂ ಬನ್ನಿ" ಅಂದರು. ಮುಂದಿನ ವಾರ ಆ ಚಿತ್ರ ಅಲ್ಲಿರಲಿಲ್ಲ. ಮೊದಲ ಮೂರು ದಿನದಲ್ಲಿ ಜನ ಬರದಿದ್ದರೆ ಚಿತ್ರ ಎತ್ತಿಬಿಡ್ತಾರೆ ಅಂತ ಓದಿದ್ದೆವು, ಅವತ್ತು ಕಣ್ಣಾರೆ ಕಂಡೆವು. ಅಂದಿನಿಂದ ಕನ್ನಡ ಚಿತ್ರಕ್ಕೆ ಹೋಗೋದಾದ್ರೆ ಮೊದಲ ವಾರವೇ ಹೋಗ್ತೀವಿ, "ಒಟಿಟಿಗೆ ಬರಲಿ ಬಿಡು" ಅನ್ನೋದನ್ನ ಬಿಟ್ಟಿದೀವಿ.

'ಘಟಶ್ರಾದ್ಧ'ದ ಸಂಜೆ

ಕಳೆದ ವರ್ಷ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' ಹಾಕಿದೆವು. ಯು. ಆರ್. ಅನಂತಮೂರ್ತಿಯವರ ಕತೆ, 1977ರ ಕಪ್ಪು-ಬಿಳುಪು ಚಿತ್ರ, ಕಾಸರವಳ್ಳಿಯವರ ಮೊದಲ ಕಥಾಚಿತ್ರ. ಸ್ವರ್ಣಕಮಲ ಬಂದಿತ್ತು. 2024ರಲ್ಲಿ ಅದರ ಪುನರುಜ್ಜೀವನಗೊಂಡ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ವೇದ ಕಲಿಯೋಕೆ ಬಂದ ನಾಣಿ ಅನ್ನೋ ಹುಡುಗ, ಗುರುಗಳ ಮಗಳು ವಿಧವೆ ಯಮುನಕ್ಕ. ಅವಳು ಬಸುರಿ ಅಂತ ಗೊತ್ತಾದ ಮೇಲೆ ಊರು ಅವಳನ್ನು ಹೊರಗಿಡುತ್ತೆ. ಬದುಕಿರುವಾಗಲೇ ಅವಳಿಗೆ ಶ್ರಾದ್ಧ ಮಾಡುತ್ತೆ. ಆ ವಿಧಿಯ ಹೆಸರೇ ಚಿತ್ರದ ಹೆಸರು.

ಅವತ್ತು ಚಹಾ ಅಂಗಡಿಯಲ್ಲಿ ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ, ಎಲ್ಲವನ್ನೂ ನೋಡ್ತಿರೋದು ನಾಣಿ ಅಲ್ವಾ, ಅವನಿಗೆ ಅರ್ಥ ಆಗದ್ದು ನಮಗೆ ಅರ್ಥ ಆಗುತ್ತೆ ಅಂದ. ಇನ್ನೊಬ್ಬಳು, ಅವನು ಚಿಕ್ಕವನು, ಏನೂ ಮಾಡೋಕೆ ಆಗ್ತಿರಲಿಲ್ಲ ಅಂದಳು. ಆಗ ಎರಡು ತಿಂಗಳಿಂದ ಪ್ರತಿವಾರ ಬಂದು, ಒಂದೂ ಮಾತಾಡದೆ, ತನ್ನ ಲೋಟ ತಾನೇ ತೊಳೆದಿಟ್ಟು ಹೋಗ್ತಿದ್ದ ಮೊದಲ ವರ್ಷದ ಹುಡುಗ ಬಾಯಿ ಬಿಟ್ಟ.

"ನಮ್ಮಕ್ಕ ಬೇರೆ ಜಾತಿಯೋರನ್ನ ಮದುವೆ ಆದ್ಲು. ಮನೇಲಿ ಅವಳ ಫೋಟೊ ಎಲ್ಲ ತೆಗೆದಿದಾರೆ. ರೇಷನ್ ಕಾರ್ಡಿಂದಾನೂ ಹೆಸರು ತೆಗೆಸಿದ್ರು. ಆವಾಗ ನಾನು ಎಂಟನೇ ಕ್ಲಾಸು. ಏನೂ ಮಾಡೋಕೆ ಆಗ್ತಿರಲಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಈಗ ಎಂಟನೇ ಕ್ಲಾಸ್ ಅಲ್ಲ" ಅಂದ.

ಯಾರೂ ಅವನಿಗೆ ಬುದ್ಧಿ ಹೇಳಲಿಲ್ಲ, ಬೆನ್ನು ತಟ್ಟಲಿಲ್ಲ. ಅಂಗಡಿಯವರು ಇನ್ನೊಂದು ಸುತ್ತು ಚಹಾ ಕೊಟ್ಟರು. ಗೇಟಿನ ಸಮಯ ಆಯ್ತು ಅಂತ ಎದ್ದೆವು. ಚಹಾದ ಹತ್ತಿರ ಆಡಿದ ಮಾತು ಅಲ್ಲೇ ಉಳೀಬೇಕು ಅನ್ನೋದು ನಮ್ಮಲ್ಲಿ ಬರೆಯದ ನಿಯಮ. ಇದನ್ನು ಇಲ್ಲಿ ಬರೆದದ್ದು ಅವನನ್ನು ಕೇಳಿಯೇ. "ಹೆಸರು ಬೇಡ, ಉಳಿದದ್ದು ಹಾಕಿ" ಅಂದ. ಅಕ್ಕನಿಗೆ ಫೋನ್ ಮಾಡಿದನಾ ಅಂತ ನಾವು ಕೇಳಿಲ್ಲ.

ಆರಂಭದ ಪ್ರಶ್ನೆಗೆ ನಮ್ಮ ಹತ್ತಿರ ಇರೋ ಉತ್ತರ ಇದೇ. 'ಘಟಶ್ರಾದ್ಧ'ವನ್ನು ಅವನು ರೂಮಿನಲ್ಲೂ ನೋಡಬಹುದಿತ್ತು. ನೋಡಿ ಲ್ಯಾಪ್‌ಟಾಪ್ ಮುಚ್ಚಿ ಮಲಗ್ತಿದ್ದ. ಆ ಮಾತು ಹೊರಗೆ ಬರೋಕೆ ಅದೇ ಸಿನಿಮಾವನ್ನು ಅದೇ ಹೊತ್ತಿಗೆ ನೋಡಿದ ಇಪ್ಪತ್ತು ಜನ ಬೇಕಾಗಿತ್ತು. ಅದಕ್ಕೂ ಮುಂಚೆ, ಸುಮ್ಮನೆ ಕೂತರೂ ಯಾರೂ ಏನೂ ಅನ್ನದ ಎಂಟು ಶುಕ್ರವಾರ ಬೇಕಾಗಿತ್ತು. ಅದಕ್ಕೇ ನಾವು ವಾರ ತಪ್ಪಿಸೋದಿಲ್ಲ. ತಿಂಗಳಿಗೊಂದು ದೊಡ್ಡ ಉತ್ಸವ ಮಾಡಿದರೆ ಜನ ಹೆಚ್ಚು ಬರಬಹುದು, ಆದರೆ ಪರಿಚಯ ಬೆಳೆಯೋದಿಲ್ಲ.

ಮುಂದೆ ನಡೆಸುವವರಿಗೆ ಕೆಲವು ವಿಷಯ

ಕಾನೂನು: ನಮ್ಮ ಕೃತಿಸ್ವಾಮ್ಯ ಕಾಯ್ದೆಯ (1957) 52ನೇ ಕಲಮಿನಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಒಂದು ವಿನಾಯಿತಿ ಇದೆ. ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಸಿನಿಮಾ ತೋರಿಸಬಹುದು. ಆದರೆ ನೋಡುವವರು ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ಪೋಷಕರು ಮತ್ತು ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರು ಮಾತ್ರ ಆಗಿರಬೇಕು. ಹಾಗಾಗಿ ಹೊರಗಿನವರಿಗೆ ಟಿಕೆಟ್ ಮಾರೋದು ಬೇಡ. ಟೊರೆಂಟಿನಿಂದ ಇಳಿಸಿದ ಪ್ರತಿ ಈ ವಿನಾಯಿತಿಯಿಂದ ಸಾಚಾ ಆಗಿಬಿಡೋದಿಲ್ಲ. ಒಟಿಟಿ ಖಾತೆಗಳ ಒಪ್ಪಂದವೂ ಸಾಮಾನ್ಯವಾಗಿ ಸ್ವಂತ ವೀಕ್ಷಣೆಗೆ ಸೀಮಿತ. ಲೈಬ್ರರಿಯ ಡಿವಿಡಿ ಬಳಸಿ, ಇಲ್ಲವೇ ಚಿತ್ರ ಮಾಡಿದವರಿಗೇ ಒಂದು ಪತ್ರ ಬರೆಯಿರಿ. ಕನ್ನಡದ ಹೊಸ ನಿರ್ದೇಶಕರು, ಕಿರುಚಿತ್ರ ಮಾಡುವವರು ಎಷ್ಟು ಸಂತೋಷದಿಂದ ಒಪ್ಪುತ್ತಾರೆ ಅಂದ್ರೆ, ಕೇಳೋಕೆ ಹೆದರಿದ್ದಕ್ಕೆ ನಮಗೇ ನಾಚಿಕೆ ಆಗಿತ್ತು.

ದುಡ್ಡು: ಸದಸ್ಯತ್ವ ಶುಲ್ಕ ಇಲ್ಲ. ಚಹಾ ಡಬ್ಬಿಗೆ ಆದಷ್ಟು ಹಾಕೋದು. ಪೇಟೆಗೆ ಹೋಗೋ ದಿನ ಟಿಕೆಟ್ ಕೊಳ್ಳಲು ಆಗದವರು ಇದ್ದರೆ ಡಬ್ಬಿಯಿಂದಲೇ, ಯಾರು ಅಂತ ಯಾರಿಗೂ ಹೇಳದೆ.

ಸಬ್‌ಟೈಟಲ್: ಮೊದಲೇ ಓಡಿಸಿ ನೋಡಿ. ಎರಡು ಸೆಕೆಂಡ್ ಹಿಂದೆ-ಮುಂದೆ ಆದರೂ ನಗು ತಪ್ಪು ಜಾಗದಲ್ಲಿ ಬರುತ್ತೆ. ಅನುಭವದಿಂದ ಹೇಳ್ತಿದೀವಿ.

ಪುಸ್ತಕ: ಪ್ರತಿ ಶುಕ್ರವಾರ ಏನು ತೋರಿಸಿದೆವು, ಎಷ್ಟು ಜನ ಬಂದರು, ಚಹಾದ ಹತ್ತಿರ ಯಾವ ಪ್ರಶ್ನೆ ಬಂತು ಅಂತ ಬರೆದಿಟ್ಟ ಒಂದು ಲಾಂಗ್ ನೋಟ್‌ಬುಕ್ ಇದೆ. "ಆರು ಜನ" ಅಂತ ಬರೆದ ಪುಟವನ್ನು ಹರಿದಿಲ್ಲ. ನಿಮಗೂ ಅಂಥ ಶುಕ್ರವಾರ ಬರುತ್ತೆ, ಬಂದಾಗ ಆ ಪುಟ ತೆಗೆದು ನೋಡಿ.

ಬೀಗದಕೈ, ಪ್ರೊಜೆಕ್ಟರ್ ರಿಮೋಟು, ಹದಿನೆಂಟು ಕಪ್ಪು ಶೀಟು, ಎರಡು ಕಂಬಳಿ, ಚಹಾ ಡಬ್ಬಿ, ಈ ನೋಟ್‌ಬುಕ್ಕು. ಹಸ್ತಾಂತರ ಮಾಡೋಕೆ ನಮ್ಮ ಹತ್ತಿರ ಇರೋದು ಇಷ್ಟೇ. ಸಿನಿಮಾ ಬಗ್ಗೆ ತುಂಬಾ ಗೊತ್ತಿರಬೇಕು ಅಂತೇನಿಲ್ಲ. ಶುಕ್ರವಾರ ನಾಲ್ಕೂವರೆಗೆ ಬಂದು ಕಿಟಕಿಗೆ ಶೀಟ್ ಅಂಟಿಸೋರು ಮೂರ್ನಾಲ್ಕು ಜನ ಸಾಕು. ಒಂದನೇ, ಎರಡನೇ ವರ್ಷದವರಾದರೆ ಇನ್ನೂ ಒಳ್ಳೇದು.

ಈ ಶುಕ್ರವಾರ 'ಬೈಸಿಕಲ್ ಥೀವ್ಸ್'. ಐದೂಕಾಲಿಗೆ ಶುರು, ಏಳಕ್ಕೆ ಮುಂಚೆಯೇ ಮುಗಿಯುತ್ತೆ. ಸೈಕಲ್ ಇದ್ದವರು ಬೀಗ ಹಾಕ್ಕೊಂಡ್ ಬನ್ನಿ.